ಮಡಚಿದ ಮೂಲೆ

ನಮ್ಮ ಗಣಿತದ ಮೇಷ್ಟ್ರು ಪೇಪರು ಕೊಡುವಾಗ ಅಂಕ ಬರೆದ ಮೂಲೆಯನ್ನು ಒಳಕ್ಕೆ ಮಡಚಿ ಕೊಡುತ್ತಿದ್ದರು. ಉಳಿದವರು ಜಾಸ್ತಿ ಅಂಕದಿಂದ ಶುರು ಮಾಡಿ ಒಂದೊಂದೇ ಹೆಸರು ಕೂಗುತ್ತಿದ್ದರು. ಇವರು ಬೆಂಚಿನ ಸಾಲು ಹಿಡಿದು ಸುಮ್ಮನೆ ಹಂಚಿಕೊಂಡು ಹೋಗುತ್ತಿದ್ದರು. 40 ಪೇಪರಿಗೂ ಒಂದೇ ಅಳತೆಯ ತ್ರಿಕೋನದ ಮಡಿಕೆ. ಉಗುರಿನಲ್ಲಿ ತೀಡಿ ತೀಡಿ ಗೆರೆ ಕೂರಿಸಿರುತ್ತಿದ್ದರು.

ನನಗೆ ಆ ಮಡಿಕೆ ಕಂಡರೆ ಆಗುತ್ತಿರಲಿಲ್ಲ. ಕ್ಲಾಸಿಗೆ ಮೊದಲು ಬರುತ್ತಿದ್ದವನು ನಾನು. ಯಾರಿಗೂ ಗೊತ್ತಾಗದಿದ್ದರೆ 96 ತೆಗೆದು ಏನು ಬಂತು? ಪಕ್ಕದವನಿಗೆ ಕಾಣುವ ಹಾಗೆ ಬಿಚ್ಚುತ್ತಿದ್ದೆ. ಬೇರೆಯವರ ಮಡಿಕೆಯೊಳಗೂ ಇಣುಕುತ್ತಿದ್ದೆ.

ಮೇಷ್ಟ್ರ ಹೆಸರು ಬರೆಯುತ್ತಿಲ್ಲ. ಬರೆದರೆ ಅವರಿಗೆ ಸೇರುವುದಿಲ್ಲ. ನಮ್ಮ ಕಾಲದವರಿಗೆ ಹೇಗೂ ಗೊತ್ತಾಗುತ್ತದೆ.

ನಾವು ಎಸ್ಸೆಸ್ಸೆಲ್ಸಿ ಬರೆದದ್ದು 1999ರಲ್ಲಿ. ಆ ಜನವರಿಯಲ್ಲಿ ಹಿಂದಿನ ಬೆಂಚಿನ ಗೆಳೆಯನಿಗೆ ಕಾಮಾಲೆಯಾಗಿ ಮೂರು ವಾರ ಶಾಲೆಗೆ ಬರಲಿಲ್ಲ. ಬಂದವನು ನನ್ನ ರೇಖಾಗಣಿತದ ನೋಟ್ಸ್ ಕೇಳಿದ. ವೃತ್ತದ ಸ್ಪರ್ಶಕಗಳ ಪ್ರಮೇಯವೆಲ್ಲ ಅವನಿಗೆ ತಪ್ಪಿಹೋಗಿತ್ತು. "ಚಿಕ್ಕಪ್ಪನ ಮಗ ತಗೊಂಡು ಹೋಗಿದ್ದಾನೆ ಕಣೋ" ಅಂದೆ. ನೋಟ್‌ಬುಕ್ ನನ್ನ ಚೀಲದಲ್ಲೇ ಇತ್ತು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವನು ನನಗಿಂತ ಎರಡೇ ಅಂಕ ಹಿಂದಿದ್ದ. ಇಣುಕಿ ನೋಡಿಯೇ ತಿಳಿದುಕೊಂಡಿದ್ದೆ.

ಫೆಬ್ರವರಿ 7ರ ಭಾನುವಾರ ದೆಹಲಿಯ ಕೋಟ್ಲಾದಲ್ಲಿ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದರು. ನಮ್ಮೂರಲ್ಲಿ ಕರೆಂಟು ಹೋಗಿತ್ತು, ರೇಡಿಯೋಗೆ ಕಿವಿಯಿಟ್ಟು ಕೇಳಿದೆವು. ಸೋಮವಾರ ಯಾರಿಗೆ ಪಾಠ ಬೇಕಿತ್ತು? ಮೇಷ್ಟ್ರಿಗೂ ಅದು ಗೊತ್ತಿತ್ತು. "26.3 ಓವರು, 74 ರನ್, 10 ವಿಕೆಟ್. ಎಷ್ಟು ಬಾಲಿಗೊಂದು ವಿಕೆಟ್ ಬಿತ್ತು?" ಎಂದು ಬೋರ್ಡಿನ ಮೇಲೆ ಬರೆದರು. ಓವರಿಗೆ ಆರು ಬಾಲು, .3 ಅಂದರೆ ಮೂರು ಬಾಲು. ಅರ್ಧ ಕ್ಲಾಸು ಅದನ್ನು ದಶಮಾಂಶವೆಂದೇ ಹಿಡಿದು ಎಡವಿತು. 159 ಬಾಲು, 15.9ಕ್ಕೊಂದು ವಿಕೆಟ್. ಮೊದಲು ಕೈ ಎತ್ತಿದವನು ನಾನು, ಕೇಳಬೇಕಾ!

ಆಮೇಲೆ ಅವರು ಮೂರು ಗೆರೆ ಎಳೆದು ಸ್ಟಂಪ್ ಬರೆದರು.

"ಒಂಬತ್ತು ಬಿದ್ದ ಮೇಲೆ ಆ ಕಡೆಯಿಂದ ಬೌಲಿಂಗ್ ಮಾಡಿದ್ದು ಯಾರು?"

"ಶ್ರೀನಾಥ್, ಸಾರ್."

"ಬಾಲು ಎಲ್ಲಿಗೆ ಹಾಕಿದ್ರು?"

"ಆಫ್ ಸ್ಟಂಪಿನ ಹೊರಗೆ, ಸಾರ್. ಹತ್ತನೇದೂ ಕುಂಬ್ಳೆಗೇ ಸಿಗಲಿ ಅಂತ."

ಅವರು ಸ್ಟಂಪಿನಿಂದ ದೂರಕ್ಕೆ ಸರಿದು, ಬೋರ್ಡಿನ ಅಂಚಿನಲ್ಲಿ ಸೀಮೆಸುಣ್ಣದಿಂದ ಒಂದು ಚುಕ್ಕೆ ಇಟ್ಟರು. "ನಮ್ಮ ಮೈಸೂರಿನವರಿಗೆ ಸ್ಟಂಪಿಗೆ ಹಾಕೋಕೆ ಬರಲ್ವಾ?" ಅಂದರು.

ಒಬ್ಬ ತರಲೆ ಎದ್ದು ನಿಂತ. "ಸಾರ್, ಅವರಿಗೆ 420 ಬೇಕಿತ್ತು, 207ಕ್ಕೆ ಆಲೌಟು. ಮ್ಯಾಚ್ ಹೇಗೂ ನಮ್ದೇ ಆಗಿತ್ತು. ಸೋಲ್ತಾ ಇದ್ದಿದ್ರೂ ಹಾಗೇ ಹಾಕ್ತಿದ್ರಾ?"

ಮೇಷ್ಟ್ರು ನಕ್ಕುಬಿಟ್ಟರು. "ಆಗ ಹಾಕಬಾರದು ಕಣೋ. ಆಗ ವಿಕೆಟ್ಟೇ ತೆಗೀಬೇಕು. ಯಾವಾಗ ಏನು ಅಂತ ಗೊತ್ತಿರಬೇಕು, ಅಷ್ಟೇ." ಬೋರ್ಡು ಒರೆಸಿ ಪಾಠ ಶುರು ಮಾಡಿದರು. ಆ ಚುಕ್ಕೆಯನ್ನು ಮಾತ್ರ ಒರೆಸಲಿಲ್ಲ, ಬೇಕಂತಲೋ ಮರೆತೋ. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ನೋಟ್ಸಿನ ವಿಷಯ ಅವರ ಕಿವಿಗೆ ಬಿದ್ದಿತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಅವತ್ತೇ ಹೋಗಿ ನೋಟ್ಸ್ ಕೊಟ್ಟೆ ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಕೊಟ್ಟದ್ದು ಪ್ರಿಪರೇಟರಿ ಪರೀಕ್ಷೆ ಮುಗಿದ ಮಾರನೇ ದಿನ. ಅದೂ ನನಗೆ ಪೂರ್ತಿ ಬಾಯಿಪಾಠವಾದ ಮೇಲೆ. "ಚಿಕ್ಕಪ್ಪನ ಮಗ ವಾಪಸ್ ಕೊಟ್ನಾ?" ಅಂತ ಕೇಳಿದ ಪುಣ್ಯಾತ್ಮ. ಹೂಂ ಅಂದೆ.

ಈಗ ನನ್ನ ಮಗಳು ಏಳನೇ ಕ್ಲಾಸು. ಅವಳ ಶಾಲೆಯ ಗೇಟಿಗೆ ಪ್ರತಿ ವರ್ಷ ಫ್ಲೆಕ್ಸ್ ಕಟ್ಟುತ್ತಾರೆ, ಫೋಟೋದ ಕೆಳಗೆ ದಪ್ಪ ಅಕ್ಷರದಲ್ಲಿ ಪರ್ಸೆಂಟೇಜು. ಅದನ್ನು ನೋಡಿ ನಾನು ಬೈಯುತ್ತೇನೆ. ಮಗಳ ಟೆಸ್ಟ್ ಪೇಪರು ಬಂದಾಗ "ಕ್ಲಾಸಲ್ಲಿ ಹೈಯೆಸ್ಟ್ ಎಷ್ಟು?" ಅಂತ ಮೊದಲು ಕೇಳುವವನೂ ನಾನೇ. ಅವಳು ಈಚೆಗೆ ಉತ್ತರ ಕೊಡುವುದನ್ನೇ ಬಿಟ್ಟಿದ್ದಾಳೆ.

ನಮ್ಮ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಶಾಲೆಗೆ ಹೋದೆ. 625ಕ್ಕೆ 558. ಮೇಷ್ಟ್ರು ಬೆನ್ನು ತಟ್ಟಿ, "ಸೈಕಲ್ ತಂದಿದ್ದೀಯಲ್ಲ, ನಿನ್ನ ಹಿಂದಿನ ಬೆಂಚಿನವನ ಊರಿಗೆ ಬಸ್ಸಿಲ್ಲ, ಇದನ್ನು ಕೊಟ್ಟು ಬಾ" ಎಂದು ಒಂದು ಚೀಟಿ ಕೊಟ್ಟರು. ಮೂಲೆ ಮಡಚಿತ್ತು.

ಸ್ವಲ್ಪ ದೂರ ಹೋಗಿ, ಹಲಸಿನ ಮರದ ಕೆಳಗೆ ಸೈಕಲ್ ನಿಲ್ಲಿಸಿ ಬಿಚ್ಚಿ ನೋಡಿದೆ. ಒಟ್ಟು 521. ಗಣಿತದಲ್ಲಿ ಅವನಿಗೆ 97, ನನಗೆ 93. ಎಷ್ಟೋ ಹೊತ್ತು ಅಲ್ಲೇ ನಿಂತಿದ್ದೆ. ಮನೆಯಲ್ಲಿ ಯಾರೂ ಇರಲಿಲ್ಲ ಅಂತ ಹೇಳಿ ವಾಪಸ್ ಹೋಗಿಬಿಡೋಣ ಅನ್ನಿಸಿತು. ಮಡಿಕೆಯನ್ನು ಮೊದಲಿನ ಗೆರೆಯ ಮೇಲೇ ಮತ್ತೆ ಕೂರಿಸಿ ಪೆಡಲ್ ತುಳಿದೆ.

ಮಳೆಗಾಲ ಹತ್ತಿರ ಬಂದಿತ್ತು. ಅವನು ಕೊಟ್ಟಿಗೆಯ ಮಾಡು ಹತ್ತಿ ಅಡಿಕೆ ಸೋಗೆ ಹೊದಿಸುತ್ತಿದ್ದ. ತಲೆ ತುಂಬ ದೂಳು. ನನ್ನನ್ನು ಕಂಡವನೇ ಅಲ್ಲಿಂದಲೇ ಕೂಗಿದ, "ನಿಂದು ಎಷ್ಟಾಯ್ತೋ?"

"558."

"ಅಮ್ಮಾ, ಹೊರಗೆ ಬಾ! ಇವನಿಗೆ 558 ಅಂತೆ!" ಎನ್ನುತ್ತಾ ಸರಸರ ಏಣಿ ಇಳಿಯತೊಡಗಿದ. ಅವನ ಚೀಟಿ ಇನ್ನೂ ನನ್ನ ಜೇಬಿನಲ್ಲೇ ಇತ್ತು.