ಹಳೇ ಪದ್ಮಿನಿ ಕಾರನ್ನ ದಿನಾ ಓಡಿಸ್ಬೇಕಂದ್ರೆ ಪೇಂಟಿಗಿಂತ ಮೊದ್ಲು ರಬ್ಬರು, ವೈರು ನೋಡಿ

ಹಳೇ ಕಾರು ಇಟ್ಕೊಂಡವರು ಸುಮಾರು ಜನ ಮೊದ್ಲು ದುಡ್ಡು ಹಾಕೋದು ಪೇಂಟಿಗೆ, ಸೀಟ್ ಕವರಿಗೆ, ಬಂಪರ್ ಪಾಲಿಶಿಗೆ. ಶೆಡ್ಡಲ್ಲಿ ಇಟ್ಟು ನೋಡೋ ಗಾಡಿಗೆ ಅದು ಸರಿ. ದಿನಾ ಶಿರಸಿ ಪೇಟೆಗೆ ಹೋಗಿ ಬರ್ಬೇಕು, ಆಗಾಗ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಿ ಅದೇ ಸಂಜೆ ವಾಪಸ್ ಹತ್ತಬೇಕು ಅಂದ್ರೆ ಪೇಂಟು ಕೊನೇ ಕೆಲ್ಸ.

ನಮ್ಮನೇದು 1986ರ ಪ್ರೀಮಿಯರ್ ಪದ್ಮಿನಿ, ಅಪ್ಪಯ್ಯ ಓಡಿಸ್ತಿದ್ದಿದ್ದು. 1089 ಸಿಸಿ ಇಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಫಿಯಟ್ 1100ನೇ ಮುಂಬೈ ಕುರ್ಲಾದಲ್ಲಿ ಮಾಡಿ ಕೊನೆಗೆ ಪದ್ಮಿನಿ ಅಂತ ಹೆಸರಿಟ್ಟಿದ್ದು. ಇಂಜಿನ್ನು ಗಟ್ಟಿ, ಅದರ ಬಗ್ಗೆ ನಂಗೆ ಚಿಂತೆನೇ ಇಲ್ಲ. ದಾರೀಲಿ ನಿಲ್ಸೋದು ಇಂಜಿನ್ನಲ್ಲ, ಅದರ ಸುತ್ತ ಇರೋ ಪೈಪು, ವಾಷರು, ವೈರು.

ಪೆಟ್ರೋಲ್ ವಿಷಯ ತಗೊಳ್ಳಿ. ಈಗ ಬಂಕಲ್ಲಿ ಸಿಗೋದು 20% ಎಥನಾಲ್ ಸೇರಿರೋ ಪೆಟ್ರೋಲು, ಈ ಗಾಡಿ ಮಾಡಿದ ಕಾಲಕ್ಕೆ ಅದು ಇರ್ಲೇ ಇಲ್ಲ. ಹಳೇ ರಬ್ಬರ್ ಪೈಪು ಒಳಗಿಂದ ಮೆತ್ತಗಾಗಿ ಸಿಪ್ಪೆ ಏಳತ್ತೆ, ಆ ಕಪ್ಪು ಚೂರು ಹೋಗಿ ಕಾರ್ಬುರೇಟರ್ ಜೆಟ್ಟಲ್ಲಿ, ಅಂದ್ರೆ ಪೆಟ್ರೋಲ್ ಹೋಗೋ ಸಣ್ಣ ತೂತಲ್ಲಿ ಕೂರತ್ತೆ, ಗಾಡಿ ಜರ್ಕ್ ಹೊಡ್ಯತ್ತೆ, ನಾವು ಇಂಜಿನ್ನಿಗೆ ಕಿಡಿ ಕೊಡೋ ಪಾಯಿಂಟು ಕಂಡೆನ್ಸರು ಕೆಟ್ಟಿದೆ ಅಂತ ಬದಲಾಯಿಸ್ತಾ ಕೂತ್ಕೋತೀವಿ. ನಮ್ಮ ಗಾಡೀದು ಬಿಚ್ಚಿ ಉದ್ದಕ್ಕೆ ಸೀಳಿದ್ವಿ, ಒಳಗೆ ಬೆರಳು ಇಟ್ರೆ ಡಾಂಬರಿನ ಹಾಗೆ ಅಂಟ್ಕೊಳ್ತು. ಟ್ಯಾಂಕಿಂದ ಕಾರ್ಬುರೇಟರ್ ತನಕ ರಬ್ಬರ್ ಪೂರ್ತಿ ತೆಗೆದು ಫ್ಯೂಯಲ್ ಇಂಜೆಕ್ಷನ್ ಗಾಡಿಗೆ ಹಾಕೋ ಪೈಪು ಹಾಕ್ಸಿದೆ, ಪೆಟ್ರೋಲ್ ಎಳೆಯೋ ಪಂಪಿನ ಡಯಾಫ್ರಾಮೂ (ಒಳಗಿನ ಪೊರೆ) ಹೊಸದು. ಎಥನಾಲ್ ನೀರು ಹೀರತ್ತೆ, ನಮ್ಮ ಮಳೆಗಾಲದಲ್ಲಿ ಗಾಡಿ ತಿಂಗಳುಗಟ್ಲೆ ನಿಲ್ಸಿದ್ರೆ ಟ್ಯಾಂಕಿನ ತಳದಲ್ಲಿ ನೀರು ಬೇರೆಯಾಗಿ ಕೂತು ತುಕ್ಕು ಹಿಡ್ಯತ್ತೆ. ಹಾಗಾಗಿ ದಿನಾ ಓಡೋ ಗಾಡಿಗಿಂತ ನಿಂತ ಗಾಡಿಗೇ ಖರ್ಚು ಜಾಸ್ತಿ ಅಂತ ನನ್ನ ಖಾತ್ರಿ ಅಭಿಪ್ರಾಯ.

ವೈರಿಂಗ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೇನೆ, ಯಾಕಂದ್ರೆ ಇದನ್ನ ಯಾರೂ ಸರಿಯಾಗಿ ನೋಡಲ್ಲ. ಜುಲೈನಲ್ಲಿ ಸಂಜೆ ಆರಕ್ಕೇ ಕತ್ತಲೆ, ಹೆಡ್‌ಲೈಟು ವೈಪರು ಎರಡೂ ಬೇಕು, ಲೈಟು ಮಾತ್ರ ಚಿಮಣಿ ಬುಡ್ಡಿ ಹಾಗೆ ಉರೀತಿತ್ತು. ಎಲ್ರೂ ಬ್ಯಾಟರಿ ಬದ್ಲು ಮಾಡಿ ಅಂದ್ರು. ನಮ್ಮ ಮೇಸ್ತ್ರಿ ಮಲ್ಟಿಮೀಟರ್ ತಂದು, ಲೈಟ್ ಹಾಕಿ, ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ ಇನ್ನೊಂದು ಬಾಡಿಗೆ ಇಟ್ರು. ಸೊನ್ನೆ ಹತ್ರ ಇರ್ಬೇಕಾದ ಜಾಗದಲ್ಲಿ ಒಂದು ವೋಲ್ಟ್ ತೋರಿಸ್ತು. "ಹೆಗಡೇರೆ, ಬ್ಯಾಟರಿ ಚಲೋ ಇದೆ, ಅರ್ತಿಂಗ್ ಇಲ್ಲ ನಿಮ್ಮ ಗಾಡಿಗೆ" ಅಂದ್ರು. ಬ್ಯಾಟರಿ ಮೈನಸ್ಸನ್ನ ಬಾಡಿಗೆ ಸೇರಿಸೋ ಅರ್ತ್ ಪಟ್ಟಿ ಬಿಚ್ಚಿದ್ರೆ ಹಸಿರು ಪುಡಿ ಉದುರ್ತು. ಬೋಲ್ಟ್ ಕೂರೋ ಜಾಗನ ಎಮರಿ ಪೇಪರಲ್ಲಿ ಉಜ್ಜಿ ತಗಡು ಹೊಳೆಯೋ ತನಕ ಕ್ಲೀನ್ ಮಾಡಿ, ಹೊಸ ದಪ್ಪ ಪಟ್ಟಿ ಹಾಕಿ ಮೇಲೆ ಗ್ರೀಸ್ ಬಳಿದ್ರು, ಹೆಡ್‌ಲೈಟಿಗೆ ಬ್ಯಾಟರಿಯಿಂದ ಸೀದಾ ಕರೆಂಟ್ ಹೋಗೋ ಹಾಗೆ ರಿಲೇ ಕೊಟ್ರು. ಅದೇ ಬಲ್ಬು, ಅದೇ ಬ್ಯಾಟರಿ, ಬೆಳಕು ಮಾತ್ರ ಬೇರೆ! ಆಮೇಲೆ ಬ್ಯಾಟರಿ ಚಾರ್ಜ್ ಮಾಡೋ ಹಳೇ ಡೈನಮೋ ತೆಗೆದು ಈಗಿನ ಕಾರಲ್ಲಿರೋ ಹಾಗೆ ಆಲ್ಟರ್ನೇಟರ್ ಕೂರಿಸ್ದೆ. ಡೈನಮೋ ಐಡ್ಲಿಂಗಲ್ಲಿ ಚಾರ್ಜೇ ಮಾಡಲ್ಲ ಅನ್ನೋಷ್ಟು ಕಮ್ಮಿ, ಮಳೇಲಿ ಟ್ರಾಫಿಕ್ಕಲ್ಲಿ ನಿಂತ್ರೆ ಬ್ಯಾಟರಿ ಇಳೀತಾ ಹೋಗತ್ತೆ. ಒರಿಜಿನಲ್ ಹಾಳಾಯ್ತು ಅಂತ ಕೆಲವರಿಗೆ ಬೇಜಾರಾಗ್ಬಹುದು, ನಂಗೆ ಆಯಿನ (ಅಮ್ಮನ್ನ) ಕೂರಿಸ್ಕೊಂಡು ರಾತ್ರಿ ಆಸ್ಪತ್ರೆಗೆ ಹೋಗೋ ಧೈರ್ಯ ಮುಖ್ಯ.

ಬ್ರೇಕಲ್ಲಿ ರಾಜಿ ಇಲ್ಲ. ಬ್ರೇಕ್ ಆಯಿಲ್ ಗಾಳೀಲಿರೋ ತೇವ ಎಳ್ಕೊಳ್ಳತ್ತೆ, ಘಟ್ಟ ಇಳಿಯೋವಾಗ ಬಿಸಿಯಾಗಿ ಆ ನೀರು ಆವಿಯಾದ್ರೆ ಪೆಡಲ್ ಸೀದಾ ಕೆಳಗೆ. ಪ್ರತಿ ವರ್ಷ ಮಳೆಗಾಲ ಮುಗಿದ್ಮೇಲೆ ಪೂರ್ತಿ ಬದಲಾಯಿಸ್ತೇನೆ, ಚಕ್ರದಲ್ಲಿ ಬ್ರೇಕ್ ಒತ್ತೋ ವೀಲ್ ಸಿಲಿಂಡರಿನ ವಾಷರ್ ಕಿಟ್ ಡಿಕ್ಕೀಲಿ ಒಂದು ಸೆಟ್ ಇದ್ದೇ ಇರತ್ತೆ. ಹತ್ತಿದ ಗೇರಲ್ಲೇ ಇಳೀಬೇಕು ಅಂತ ಅಪ್ಪಯ್ಯ ಹೇಳ್ತಿದ್ದಿದ್ದನ್ನ ಈಗಲೂ ಪಾಲಿಸ್ತೇನೆ, ಹಿಂದಿನವರು ಹಾರ್ನ್ ಹೊಡೀಲಿ ಬಿಡಿ.

ರೇಡಿಯೇಟರ್ ರೀಕೋರ್ ಮಾಡ್ಸಿ (ಒಳಗಿನ ಜಾಲರಿ ಹೊಸದು ಹಾಕ್ಸಿ), ಬಾವಿ ನೀರು ಬಿಟ್ಟು ಕೂಲೆಂಟ್ ಹಾಕಿದ್ಮೇಲೆ ಘಟ್ಟದಲ್ಲಿ ಬಿಸಿಯಾಗೋದು ನಿಂತಿದೆ.

ತುಕ್ಕು ಬಗ್ಗೆ ಒಂದೇ ಮಾತು: ಬಾಗಿಲಿನ ಅಡೀಲಿ ನೀರು ಹೋಗೋ ಸಣ್ಣ ತೂತು ಇರತ್ತೆ, ಅದು ಕೆಮ್ಮಣ್ಣಲ್ಲಿ ಮುಚ್ಚಿಹೋಗಿರತ್ತೆ. ಸೈಕಲ್ ಕಡ್ಡಿ ಹಾಕಿ ಬಿಡಿಸಿ, ಕೆಂಪು ನೀರು ಸುರಿಯೋದು ನೋಡಿದ್ರೆ ಟಿಂಕರಿಂಗ್ ಖರ್ಚು ಎಲ್ಲಿಂದ ಬರತ್ತೆ ಅಂತ ಗೊತ್ತಾಗತ್ತೆ. ಕಾರವಾರ, ಅಂಕೋಲಾ ಕಡೆ ಸಮುದ್ರದ ಹತ್ರ ಇರೋರು ಉಪ್ಪುಗಾಳಿಗೆ ಕೆಳಭಾಗನೂ ಸಿಹಿನೀರಲ್ಲಿ ತೊಳೀತಾ ಇರ್ಬೇಕು.

ಈಗ ಬಾಕಿ ಇರೋದು ಮುಂದಿನ ಚಕ್ರದ ಕಿಂಗ್ ಪಿನ್, ಅಂದ್ರೆ ಚಕ್ರ ಎಡಕ್ಕೆ ಬಲಕ್ಕೆ ತಿರುಗೋ ಕೀಲು; ಸ್ಟೇರಿಂಗಲ್ಲಿ ಸ್ವಲ್ಪ ಆಟ ಇದೆ. ಹುಬ್ಬಳ್ಳಿಗೆ ಹೋದಾಗ ಅದರ ಬುಶ್ ತಂದು ಮಳೆ ಶುರುವಾಗೋದ್ರೊಳಗೆ ಮುಗಿಸ್ಬೇಕು, ಅದಾದ್ಮೇಲೆ ಪೇಂಟಿನ ಮಾತು.