ಉಪ್ಪು ಉಳಿಸಿ ಶಭಾಷ್ ಅನ್ನಿಸಿಕೊಂಡೆ

ನಮ್ಮ ಮ್ಯಾನೇಜರ್ ಯಾರನ್ನೂ ಅಷ್ಟು ಸುಲಭಕ್ಕೆ ಹೊಗಳುವವರಲ್ಲ. ನನ್ನನ್ನು ಹೊಗಳಿದ್ದು ಉಪ್ಪಿನ ವಿಷಯಕ್ಕೆ, ಸಮುದ್ರದ ಮೀನು ಸಾಕುವ ಟ್ಯಾಂಕಿನ ನೀರಿಗೆ ಕಲಸುವ ಉಪ್ಪು. "ನೋಡಿ, ಇವರ ರೂಟಲ್ಲಿ ಸಾಲ್ಟ್ ಎಷ್ಟು ಕಮ್ಮಿ ಖರ್ಚಾಗಿದೆ" ಅಂತ ಮೀಟಿಂಗಲ್ಲಿ ಎಲ್ಲರ ಮುಂದೆ ಹೇಳಿದರು. ನಾನೂ ಸ್ವಲ್ಪ ಬೀಗಿದೆ. ಪ್ಯಾಕೆಟ್ ಮೇಲೆ ಲೀಟರಿಗೆ 35ರಿಂದ 38 ಗ್ರಾಂ ಅಂತ ಬರೆದಿರುತ್ತದೆ. ನನಗೆ 30 ಗ್ರಾಂ ಹಾಕುವಷ್ಟರಲ್ಲೇ ಉಪ್ಪು ಅಳೆಯುವ ಮೀಟರ್ ನಮಗೆ ಬೇಕಾದ 1.025 ತೋರಿಸುತ್ತಿತ್ತು. ಈ ಸಲದ ಬ್ಯಾಚ್ ಚೆನ್ನಾಗಿರಬೇಕು ಅಂದುಕೊಂಡೆ. ಅಷ್ಟೇ. ಅದಕ್ಕಿಂತ ಮುಂದೆ ಯೋಚನೆಯೇ ಹೋಗಲಿಲ್ಲ.

ಮನೆಗಳಿಗೆ ಹೋಗಿ ಮೆರೈನ್ ಟ್ಯಾಂಕ್ ಸೆಟಪ್ ಮಾಡುವುದು, ವಾರಕ್ಕೊಮ್ಮೆ ಹೋಗಿ ನೀರು ಬದಲಾಯಿಸುವುದು, ಇದು ನನ್ನ ಡ್ಯೂಟಿ. ನೀರಿನ ಹನಿಯಲ್ಲಿ ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಟೀಮಿಗೆಲ್ಲ ಸೇರಿ ಒಂದೇ ಒಂದು. ಅದು ಯಾವಾಗಲೂ ಹವಳ ಬೆಳೆಸುವ ದೊಡ್ಡ ರೀಫ್ ಟ್ಯಾಂಕ್ ನೋಡಿಕೊಳ್ಳುವವರ ಬ್ಯಾಗಲ್ಲೇ ಇರುತ್ತದೆ. ನನ್ನಂಥವರಿಗೆ ಮುಳ್ಳು ತೂಗಾಡುವ ಪ್ಲಾಸ್ಟಿಕ್ ಹೈಡ್ರೋಮೀಟರ್, ನೀರಲ್ಲಿ ಉಪ್ಪು ಜಾಸ್ತಿ ಇದ್ದಷ್ಟೂ ಮುಳ್ಳು ಮೇಲೇರುತ್ತದೆ. ಡಬ್ಬಿಯಿಂದ ಹೊಸದು ತೆಗೆದು ಕೈಗೆ ಕೊಟ್ಟಿದ್ದರು. ಡಬ್ಬಿಯೊಳಗೆ ಒಂದು ಚೀಟಿ ಇರುತ್ತದಲ್ಲ, ಅದನ್ನು ಯಾರು ಓದುತ್ತಾರೆ?

ಮನೆಯಲ್ಲಿ ಮೊದಲ ಸಲ ಉಪ್ಪುನೀರಿನ ಟ್ಯಾಂಕ್ ಇಡುವವರು ಸಾಮಾನ್ಯವಾಗಿ ಚಿಕ್ಕದನ್ನೇ ಕೇಳುತ್ತಾರೆ. ಚಿಕ್ಕದು ಅಂದರೆ ಸುಲಭ ಅಂತ ಲೆಕ್ಕ. ನಿಜ ಉಲ್ಟಾ. 60 ಲೀಟರಿನ ಟ್ಯಾಂಕಿಗೆ ಕಲ್ಲು, ಮರಳು ಹಾಕಿದ ಮೇಲೆ ನೀರು ಹಿಡಿಯುವುದು 50 ಲೀಟರಿನ ಆಸುಪಾಸು. ಅಷ್ಟು ನೀರಲ್ಲಿ ಏನು ಎಡವಟ್ಟಾದರೂ ತಿದ್ದಿಕೊಳ್ಳಲು ಟೈಮೇ ಸಿಗುವುದಿಲ್ಲ. ಒಂದು ಲೀಟರ್ ಆವಿಯಾದರೂ ಮೀಟರಲ್ಲಿ ಗೊತ್ತಾಗುತ್ತದೆ, ಯಾಕೆಂದರೆ ಹೋಗುವುದು ಬರೀ ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಅದಕ್ಕೇ ಟಾಪ್ ಅಪ್‌ಗೆ ಆರ್‌ಒ ನೀರು ಮಾತ್ರ ಹಾಕಿ ಅಂತ ಹೇಳಿ ಹೇಳಿ ನಮಗೆ ಸಾಕಾಗಿರುತ್ತದೆ.

ಅಂಥ ಚಿಕ್ಕ ಟ್ಯಾಂಕ್ ಹಾಕಿಸಿಕೊಂಡ ಕಸ್ಟಮರ್ ಒಬ್ಬರು ಮೇಡಂ, ಅವರಿಗೆ ಏನನ್ನೂ ಎರಡು ಸಲ ಹೇಳಬೇಕಾಗಿರಲಿಲ್ಲ. ಸೈಕಲ್, ಅಂದರೆ ಗಲೀಜು ಕರಗಿಸುವ ಬ್ಯಾಕ್ಟೀರಿಯಾ ಟ್ಯಾಂಕಲ್ಲಿ ಬೆಳೆಯುವ ಹಂತ, ಮುಗಿಯುವ ತನಕ ಒಂದು ಮೀನನ್ನೂ ಕೇಳಲಿಲ್ಲ. ಅಮೋನಿಯಾ ಏರಿತು, ಇಳಿಯಿತು. ನೈಟ್ರೈಟ್ ಏರಿತು, ಅದೂ ಇಳಿಯಿತು. ನೈಟ್ರೇಟ್ ಕಾಣಿಸಿಕೊಂಡಿತು. ಆಮೇಲೆ ಮರಳಿನ ಮೇಲೆಲ್ಲ ಕಂದು ಪಾಚಿ ಬಂದಾಗ ಬೇರೆ ಕಸ್ಟಮರ್ ಆಗಿದ್ದರೆ ಫೋನಿನ ಮೇಲೆ ಫೋನು. ಇವರು ಡಯಾಟಮ್ ಅಂತೆ, ತಾನಾಗೇ ಹೋಗುತ್ತಂತೆ ಅಂತ ನನಗೇ ಹೇಳಿದರು. ಒಂದು ಜೋಡಿ ಕ್ಲೌನ್ ಮೀನು ಬಿಟ್ಟೆವು. ಆರಾಮಾಗಿದ್ದವು. ಮುಂದಿನ ವಿಸಿಟ್‌ಗೆ ಎರಡು ಕ್ಲೀನರ್ ಸೀಗಡಿ, ನಾಲ್ಕು ಟರ್ಬೋ ಬಸವನಹುಳು.

ಅವತ್ತು ನನಗೆ ಮಧ್ಯಾಹ್ನ ಇನ್ನೊಂದು ಇನ್‌ಸ್ಟಾಲ್ ಹಾಕಿಟ್ಟಿದ್ದರು. ಸೀಗಡಿ ಹೊಸ ನೀರಿಗೆ ಒಗ್ಗಲಿ ಅಂತ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಅದು ಬಂದ ಕವರ್‌ಗೆ ಬಿಡುವ ಡ್ರಿಪ್ ಲೈನ್ ಹಾಕಿದೆ, ಆದರೆ ಕವರ್‌ನ ನೀರು ಎರಡು ಪಟ್ಟಾಗುವ ತನಕವೂ ಕಾಯಲಿಲ್ಲ. ಜಾಬ್ ಕಾರ್ಡಲ್ಲಿ ಟ್ಯಾಂಕಿನ ಎಸ್‌ಜಿ (ಸ್ಪೆಸಿಫಿಕ್ ಗ್ರಾವಿಟಿ, ಮೀಟರ್ ತೋರಿಸುವ ಆ ನಂಬರು) ಬರೆಯಲು ಕಾಲಂ ಇದೆ, 1.025 ಅಂತ ಬರೆದೆ. ಕವರ್‌ನ ನೀರಿನ ಎಸ್‌ಜಿಗೆ ಕಾಲಂ ಇಲ್ಲ. ಕಾಲಂ ಇಲ್ಲದ್ದನ್ನು ಯಾರೂ ನೋಡುವುದಿಲ್ಲ, ನಮ್ಮ ಆಫೀಸಿನ ರೂಢಿಯೇ ಹಾಗೆ.

ಟೂಲ್ಸ್ ಬ್ಯಾಗಿಗೆ ತುಂಬುತ್ತಿದ್ದೆ. "ಇದು ಯಾಕೆ ಹೀಗೆ ಮಲಗಿದೆ?" ಅಂದರು ಮೇಡಂ.

ಒಂದು ಸೀಗಡಿ ಮರಳಿನ ಮೇಲೆ ಅಡ್ಡ ಬಿದ್ದಿತ್ತು. ಕಾಲುಗಳು ಮಾತ್ರ ಸಣ್ಣಗೆ ಅಲ್ಲಾಡುತ್ತಿದ್ದವು. ಇನ್ನೊಂದು ಕಲ್ಲು ಹಿಡಿದುಕೊಳ್ಳಲು ಹೋಗುವುದು, ಕೈಜಾರಿ ಕೆಳಗೆ ಬರುವುದು. ಬಸವನಹುಳುಗಳು ಚಿಪ್ಪಿನ ಬಾಗಿಲು ಹಾಕಿಕೊಂಡು, ಬಿಟ್ಟ ಜಾಗದಲ್ಲೇ ಬಿದ್ದಿದ್ದವು. ಅಮೋನಿಯಾ ಟೆಸ್ಟ್ ಹಾಕಿದೆ, ಸೊನ್ನೆ. ನೈಟ್ರೈಟ್ ಸೊನ್ನೆ. ಟೆಂಪರೇಚರ್ 25. ಎಸ್‌ಜಿ ಮತ್ತೆ ನೋಡಿದೆ, ಅದೇ 1.025. ಎಲ್ಲ ಸರಿ ಇದೆ, ಸೀಗಡಿ ಮಾತ್ರ ಸಾಯುತ್ತಿದೆ.

ಎಲ್ಲ ಸರಿ ಇದೆ ಅಂದ ಮೇಲೆ ತಪ್ಪು ಮನೆಯವರದೇ ಇರಬೇಕಲ್ವಾ? "ರೂಮಲ್ಲಿ ಸೊಳ್ಳೆಗೆ ಏನಾದ್ರೂ ಸ್ಪ್ರೇ ಹೊಡೆದ್ರಾ ಮೇಡಂ?" ಇಲ್ಲ ಅಂದರು. "ಗಾಜು ಒರೆಸೋಕೆ ಏನು ಬಳಸ್ತೀರಾ?" ಒದ್ದೆ ಬಟ್ಟೆ ಅಂದರು. "ಕೈಗೆ ಕ್ರೀಮ್ ಹಚ್ಚಿಕೊಂಡು ನೀರಿಗೆ ಹಾಕಿದ್ರಾ?" ಮೂರನೇ ಪ್ರಶ್ನೆಗೆ ಅವರು ಉತ್ತರ ಕೊಡಲಿಲ್ಲ, ಸುಮ್ನೆ ನನ್ನ ಮುಖ ನೋಡಿದರು. ಅಷ್ಟು ಹೊತ್ತಿಗೆ ಅಡ್ಡ ಬಿದ್ದಿದ್ದ ಸೀಗಡಿಯ ಕಾಲುಗಳೂ ನಿಂತಿದ್ದವು.

ಸೀನಿಯರ್‌ಗೆ ಫೋನ್ ಮಾಡಿದೆ.

"ಮೀನು ಹೆಂಗಿದೆ?" ಅದೇ ಅವರ ಮೊದಲ ಪ್ರಶ್ನೆ.

"ಮೀನಿಗೇನಾಗಿಲ್ಲ ಸರ್, ಚೆನ್ನಾಗಿ ಓಡಾಡ್ಕೊಂಡಿದೆ."

"ಸ್ಪ್ರೇ ವಿಷ್ಯ ಆಮೇಲೆ ನೋಡೋಣಪ್ಪ, ಮೊದ್ಲು ಉಪ್ಪು ನೋಡು."

"ನೋಡ್ದೆ ಸರ್, 1.025."

"ಯಾವುದ್ರಲ್ಲಿ ನೋಡ್ದೆ? ಆ ಪ್ಲಾಸ್ಟಿಕ್ಕಾ? ಮುಳ್ಳನ್ನ ಬೆಳಕಿಗೆ ಹಿಡಿದು ನೋಡು, ಆಮೇಲೆ ಟೇಬಲ್ಲಿಗೆ ಒಂದು ತಟ್ಟು."

ಬೆಳಕಿಗೆ ಹಿಡಿದೆ. ಮುಳ್ಳಿನ ತಳಭಾಗಕ್ಕೆ ಸಾಸಿವೆಗಿಂತ ಚಿಕ್ಕ ಗುಳ್ಳೆಗಳು ಅಂಟಿಕೊಂಡಿದ್ದವು. ತಟ್ಟಿದೆ. ಒಂದು ಗುಳ್ಳೆ ಬಿಟ್ಟುಕೊಂಡು ಮೇಲೆ ಹೋಯಿತು, ಮುಳ್ಳು ಕೆಳಗೆ ಜಾರಿತು. ಇನ್ನೊಮ್ಮೆ ತಟ್ಟಿದೆ, ಇನ್ನಷ್ಟು ಜಾರಿತು. ಕೊನೆಗೆ ನಿಂತಿದ್ದು 1.020ರ ಹತ್ತಿರ. ಗುಳ್ಳೆ ಮುಳ್ಳನ್ನು ಮೇಲಕ್ಕೆತ್ತಿ ಹಿಡಿದಿತ್ತು. ಹೊಸ ಪ್ಲಾಸ್ಟಿಕ್ಕಿಗೆ ನೀರು ಸರಿಯಾಗಿ ಹಿಡಿಯುವುದಿಲ್ಲ, ಅದಕ್ಕೇ ಮೊದಲು ಒಂದು ದಿನ ಪೂರ್ತಿ ನೀರಲ್ಲಿ ನೆನೆಹಾಕಬೇಕು. ಆ ಚೀಟಿಯಲ್ಲಿ ಇದ್ದಿದ್ದು ಅದೇ.

ಅಂದರೆ ಟ್ಯಾಂಕಲ್ಲಿ ಮೊದಲ ದಿನದಿಂದಲೂ ಉಪ್ಪು ಕಮ್ಮಿ. ಪ್ರತಿ ವಾರ ನಾನು ಕಲಸಿ ತಂದ ನೀರಲ್ಲೂ ಕಮ್ಮಿ. ಕ್ಲೌನ್ ಮೀನು ಇದನ್ನೆಲ್ಲ ತಡೆದುಕೊಳ್ಳುತ್ತದೆ. ಮೀನಿಗೆ ಮೈಯೊಳಗಿನ ಉಪ್ಪನ್ನು ತಾನೇ ಸಂಭಾಳಿಸುವ ಶಕ್ತಿ ಇದೆ, ಕೆಲವು ರೋಗಗಳಿಗೆ ಮೀನನ್ನು 1.009ರಲ್ಲಿ ಇಟ್ಟು ವಾಸಿ ಮಾಡುವವರೂ ಇದ್ದಾರೆ. ಈ ಸೀಗಡಿ, ಬಸವನಹುಳುಗಳಿಗೆ ಆ ಸೌಕರ್ಯ ಇಲ್ಲ. ಹೊರಗಿನ ನೀರಲ್ಲಿ ಉಪ್ಪು ದಿಢೀರ್ ಅಂತ ಇಳಿದರೆ ಮೈಯೊಳಗೆ ನೀರು ನುಗ್ಗುತ್ತದೆ. ನಮ್ಮ ಅಂಗಡಿ ನೀರು ನಿಜವಾದ 1.025. ಅಲ್ಲಿಂದ ತಂದು ಅರ್ಧಂಬರ್ಧ ಡ್ರಿಪ್ ಮಾಡಿ 1.020ಕ್ಕೆ ಬಿಟ್ಟಿದ್ದೆ.

"ಕವರ್ ನೀರು ಚೆಲ್ಲಿದ್ಯಾ?" ಅಂದರು ಸೀನಿಯರ್. ನಾನಾಗಿದ್ದರೆ ಚೆಲ್ಲಿರುತ್ತಿದ್ದೆ. ನನ್ನ ಜೊತೆ ಬಂದಿದ್ದ ಹೆಲ್ಪರ್ ಹುಡುಗ ಬಸವನಹುಳುಗಳ ಕವರ್ ಬಿಚ್ಚಿದಾಗ ಅದರ ನೀರನ್ನು ಬಕೆಟ್ಟಿಗೆ ಸುರಿದು ಹಾಗೇ ಇಟ್ಟಿದ್ದ. ಅದಕ್ಕೆ ಡ್ರಿಪ್ ನೀರು ಬೆರೆತಿರಲಿಲ್ಲ. ಕವರಲ್ಲಿ ಒಂದು ಗಂಟೆಯೂ ಇರದ ನೀರು, ಗಲೀಜಾಗಿರಲಿಲ್ಲ. ಬ್ಯಾಟರಿ ಏರ್ ಪಂಪ್ ಹಾಕಿ ಎರಡೂ ಸೀಗಡಿಯನ್ನು, ಬಸವನಹುಳುಗಳನ್ನು ಅದಕ್ಕೆ ಬಿಟ್ಟೆ. ಮೊದಲು ಬಿದ್ದಿದ್ದು ಏಳಲಿಲ್ಲ. ಇನ್ನೊಂದು ಸ್ವಲ್ಪ ಹೊತ್ತಿಗೆ ಕಾಲೂರಿ ನಿಂತು ಮೀಸೆ ಆಡಿಸಿತು. ಎಲ್ಲವನ್ನೂ ಅಂಗಡಿಗೆ ವಾಪಸ್ ತಂದೆ. ಮಧ್ಯಾಹ್ನದ ಇನ್‌ಸ್ಟಾಲ್ ಕ್ಯಾನ್ಸಲ್ ಆಗಿದ್ದಕ್ಕೆ ವಿವರಣೆ ಕೇಳಿ ಮೇಲ್ ಬಂತು. ಸೀಗಡಿ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ.

ಟ್ಯಾಂಕಿನ ಉಪ್ಪನ್ನು ಒಂದೇ ಸಲಕ್ಕೆ ಏರಿಸುವ ಹಾಗಿರಲಿಲ್ಲ. ಒಳಗೆ ಬ್ಯಾಕ್ಟೀರಿಯಾ ಇದೆ, ಮೀನಿದೆ. ದಿನಕ್ಕೆ 0.001ಕ್ಕಿಂತ ಜಾಸ್ತಿ ಬೇಡ ಅಂದರು ಸೀನಿಯರ್. ದಿನಾ ಆವಿಯಾದಷ್ಟು ಜಾಗಕ್ಕೆ ಆರ್‌ಒ ಬದಲು ಉಪ್ಪುನೀರೇ ಹಾಕುತ್ತಾ ಬಂದರೆ ತಾನಾಗೇ ಏರುತ್ತದೆ. ಆ ಕೆಲಸವನ್ನು ಮೇಡಂ ಅವರೇ ಮಾಡಿದರು, ವಾರದ ಮೇಲೆ ಹಿಡಿಯಿತು.

ಕವರ್ ನೀರಿನ ಎಸ್‌ಜಿಗೂ ಒಂದು ಕಾಲಂ ಹಾಕಿ ಅಂತ ಬರೆದುಕೊಟ್ಟೆ. ಕಾರ್ಡಿನ ಹಳೇ ಸ್ಟಾಕ್ ಮುಗಿಯಲಿ ಅಂದರು. ಸದ್ಯಕ್ಕೆ ಮಾರ್ಜಿನ್ನಲ್ಲಿ ಪೆನ್ನಲ್ಲೇ ಬರೆಯುತ್ತೇನೆ, ಎರಡು ನಂಬರಿನ ನಡುವೆ 0.002 ವ್ಯತ್ಯಾಸ ಇದ್ದರೂ ಡ್ರಿಪ್ ನಿಲ್ಲಿಸುವುದಿಲ್ಲ, ಮುಂದಿನ ಮನೆಯವರು ಎಷ್ಟು ಫೋನ್ ಮಾಡಿದರೂ ಸರಿ. ಸ್ವಂತ ದುಡ್ಡಲ್ಲಿ ಒಂದು ರಿಫ್ರಾಕ್ಟೋಮೀಟರ್ ತಗೊಂಡೆ, ಬಿಲ್ ಪಾಸಾಗಿಲ್ಲ. ಅದಕ್ಕೂ ಬರೀ ಆರ್‌ಒ ನೀರಲ್ಲಿ ಸೊನ್ನೆಗೆ ತಂದರೆ ಸಾಲದು. 35 ಪಿಪಿಟಿ, ಅಂದರೆ ಸಾವಿರ ಭಾಗಕ್ಕೆ 35 ಭಾಗ ಉಪ್ಪಿರುವ ದ್ರಾವಣ ಒಂದು ಹನಿ ಬಿಟ್ಟು ಅಲ್ಲಿಗೆ ಸರಿಹೊಂದಿಸಬೇಕು.

ಮೇಡಂ ಕೂಡ ಒಂದು ತರಿಸಿಕೊಂಡಿದ್ದಾರೆ. ಈಗ ನಾನು ಹೋದ ತಕ್ಷಣ "ಮೊದಲು ನಿಮ್ಮದು ಎಷ್ಟು ತೋರಿಸುತ್ತೆ ಹೇಳಿ" ಅನ್ನುತ್ತಾರೆ. ಅವರದು ಎಷ್ಟು ತೋರಿಸಿತು ಅಂತ ಮಾತ್ರ ನಾನು ಹೇಳುವ ತನಕ ಬಾಯಿ ಬಿಡುವುದಿಲ್ಲ.