ದಿನಕ್ಕೆ ಹತ್ತು ಪುಟ

ಜೂನ್ ತಿಂಗಳ ಕೊನೆಯ ಹತ್ತು ದಿನ ಸ್ಪೇನಿನ ಕಲೇಯಾ ಅನ್ನುವ ಪುಟ್ಟ ಊರಿನಲ್ಲಿದ್ದೆ. ಬಾರ್ಸಿಲೋನಾದಿಂದ ಉತ್ತರಕ್ಕೆ, ಕೋಸ್ಟಾ ಬ್ರಾವಾ ಕರಾವಳಿಯಲ್ಲಿದೆ. ರೈಲಿಲ್ಲ, ಬಸ್ಸಿನಲ್ಲೇ ಹೋಗಬೇಕು. ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ದಪ್ಪ ಪುಸ್ತಕ.

ಆ ಪುಸ್ತಕಕ್ಕಾಗಿಯೇ ಹೋದದ್ದು. ಬರೆದವನು ಜುಸೆಪ್ ಪ್ಲಾ. 1897ರಲ್ಲಿ ಪಕ್ಕದ ಪಲಾಫ್ರುಜೆಲ್ ಊರಿನಲ್ಲಿ ಹುಟ್ಟಿದವನು. 1918ರಲ್ಲಿ ಫ್ಲೂ ಹರಡಿ ಬಾರ್ಸಿಲೋನಾದ ವಿಶ್ವವಿದ್ಯಾಲಯ ಮುಚ್ಚಿತು. ಇಪ್ಪತ್ತೊಂದರ ಹುಡುಗ ಮನೆಗೆ ಬಂದು ದಿನಚರಿ ಬರೆಯಲು ಕೂತ. ನಮಗೂ 2020ರಲ್ಲಿ ಹಾಗೇ ಆಯಿತು, ಅಲ್ವಾ? ಆಗ ಸಾಗರದ ಮನೆಯ ಜಗುಲಿಯಲ್ಲಿ ಇದರ ಇಂಗ್ಲಿಷ್ ಅನುವಾದ ಶುರು ಮಾಡಿದ್ದೆ. ಮೂವತ್ತು ಪುಟಕ್ಕೆ ನಿಂತುಹೋಯಿತು. ಬರೀ ಗಾಳಿ, ಕಡಲು, ನಡಿಗೆ, ಜನರ ಮಾತು. ಕಥೆ ಎಲ್ಲೂ ಮುಂದಕ್ಕೆ ಹೋಗುವುದಿಲ್ಲ ಅನಿಸಿತ್ತು.

ಕಲೇಯಾದಲ್ಲಿ ಬೆಳಗ್ಗೆ ಏಳಕ್ಕೆ ಹೊರಡುತ್ತಿದ್ದೆ. ಕಡಲಂಚಿನ ಬಂಡೆಗಳ ಮೇಲೆ ಕಾಲುದಾರಿಯಿದೆ, ಕಮೀ ದೆ ರೋಂದಾ. ರೋಂದಾ ಎಂದರೆ ಗಸ್ತು. ಕಳ್ಳಸಾಗಣೆ ತಡೆಯಲು ಕಾವಲಿನವರು ಓಡಾಡುತ್ತಿದ್ದ ದಾರಿ. ಒಂದು ಕಡೆ ಪೈನ್ ಮರಗಳು, ಜೀರುಂಡೆ ಸದ್ದು, ಬಿಸಿಲಿಗೆ ಬೆವರುವ ಅಂಟಿನ ವಾಸನೆ. ಇನ್ನೊಂದು ಕಡೆ, ಕೆಳಗೆ, ತಳದ ಕಲ್ಲು ಕಾಣುವಷ್ಟು ತಿಳಿನೀರು. ಅರ್ಧ ಗಂಟೆಗೆ ಯಾಫ್ರಾಂಕ್ ಅನ್ನುವ ಊರು ಬರುತ್ತದೆ. ಅಲ್ಲಿಂದ ಏರು ಹತ್ತಿದರೆ ಸಾನ್ ಸೆಬಾಸ್ಟಿಯಾ ದೀಪಸ್ತಂಭ, 1857ರದ್ದು. ಎರಡು ಸಲ ಮಾತ್ರ ಅಲ್ಲಿವರೆಗೆ ಹೋದೆ. ಉಳಿದ ದಿನ ಯಾವುದೋ ಬಂಡೆಯ ನೆರಳು ಸಿಕ್ಕಿದಲ್ಲಿ ಸುಮ್ನೆ ಕೂತೆ.

ಮೂರನೆಯ ಮಧ್ಯಾಹ್ನ ಹೀಗೆ ಕೂತಿದ್ದಾಗ ಗಾಳಿ ಎದ್ದಿತು. ನೈಋತ್ಯದಿಂದ ಬರುವ ತೇವದ ಗಾಳಿ. ಇಲ್ಲಿಯವರು ಗರ್ಬಿ ಅನ್ನುತ್ತಾರೆ. ಸಾಗರದ ಮನೆಯಲ್ಲಿ ಓದುವಾಗ ಅದು ಓದಿ ದಾಟಿಬಿಟ್ಟ ಹೆಸರಷ್ಟೇ. ಈಗ ನೀರಿನ ಬಣ್ಣ ಬದಲಾದದ್ದು ಕಣ್ಣಿಗೆ ಕಂಡಿತು. ತುಟಿಗೆ ಉಪ್ಪು ಹತ್ತಿತು. ಪುಟಗಳನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಹಿಂದೆ ಓದಿ ನಿಲ್ಲಿಸಿದ್ದ ಮೂವತ್ತು ಪುಟಗಳನ್ನೇ ಮತ್ತೆ ಮೊದಲಿನಿಂದ ಓದಿದೆ. ಕಥೆ ಮುಂದಕ್ಕೆ ಹೋಗುವುದಿಲ್ಲ ಎಂದು ಆಗ ಬೇಸರ ಪಟ್ಟಿದ್ದೆ. ಈಗ ಹೋಗುವುದು ಬೇಡ ಅನಿಸಿತು. ಅವತ್ತಿನಿಂದ ದಿನಕ್ಕೆ ಹತ್ತು ಪುಟ, ಜಾಸ್ತಿ ಇಲ್ಲ.

ಮಧ್ಯಾಹ್ನ ಎರಡರಿಂದ ಐದರವರೆಗೆ ಅಂಗಡಿ ಮುಚ್ಚಿರುತ್ತಿತ್ತು. ಮುಚ್ಚುವ ಮೊದಲೇ ಬ್ರೆಡ್ಡು ತರಬೇಕು. ಅಂಗಡಿಯ ಅಜ್ಜಿಗೆ ಮೊದಲ ದಿನ ಸ್ಪ್ಯಾನಿಷ್‌ನಲ್ಲಿ ನಮಸ್ಕಾರ ಹೇಳಿದ್ದೆ, ತಲೆಯಾಡಿಸಿದರು. ಮರುದಿನ ಆ ಕಡೆಯವರ ಸ್ವಂತ ಭಾಷೆ ಕತಲಾನ್‌ನಲ್ಲಿ 'ಬೊನ್ ದಿಯಾ' ಅಂದೆ. ಮುಖ ಅರಳಿತು. ತಾವೇ ಹಣ್ಣಾದ ಟೊಮೆಟೊ ಆರಿಸಿ ಕೊಟ್ಟರು, ಬ್ರೆಡ್ಡಿನ ಮೇಲೆ ಹೇಗೆ ತಿಕ್ಕಬೇಕೆಂದು ಕೈಸನ್ನೆಯಲ್ಲಿ ತೋರಿಸಿದರು. ಮೇಲೆ ಆಲಿವ್ ಎಣ್ಣೆ, ಉಪ್ಪು. ಹತ್ತು ದಿನವೂ ನನ್ನ ಊಟ ಅದೇ. ಸರ್ವಾಧಿಕಾರಿ ಫ್ರಾಂಕೋ ಕಾಲದಲ್ಲಿ ಕತಲಾನ್ ಭಾಷೆಯನ್ನು ಶಾಲೆಗಳಿಂದ, ಕಚೇರಿಗಳಿಂದ ಹೊರಗಿಟ್ಟಿದ್ದರು. ಪ್ಲಾ ತನ್ನ ಹಳೆಯ ದಿನಚರಿಯನ್ನು ತಿದ್ದಿ, ಬೆಳೆಸಿ, ಅದೇ ಆಡಳಿತ ಇರುವಾಗಲೇ, 1966ರಲ್ಲಿ ಕತಲಾನ್‌ನಲ್ಲೇ ಹೊರತಂದ. ನಮ್ಮ ಭಾಷೆಯಲ್ಲಿ ಯಾರಾದರೂ ಎರಡು ಮಾತಾಡಿದರೆ ನಮಗಾಗುವ ಸಂತೋಷ ನೆನಪಾಗಿ ಆ ಅಜ್ಜಿ ತುಂಬಾ ಹತ್ತಿರದವರು ಅನಿಸಿದರು.

ಸಂಜೆ ಒಂಬತ್ತಾದರೂ ಬೆಳಕು. ಬಿಳಿ ಕಮಾನುಗಳ ಕೆಳಗೆ ಕೂತು ಆ ದಿನದ ಕೊನೆಯ ಪುಟ ಮುಗಿಸುತ್ತಿದ್ದೆ. ದೋಣಿಗಳನ್ನು ಮರಳಿನ ಮೇಲೆ ಎಳೆದಿಟ್ಟಿರುತ್ತಿದ್ದರು. ಮಕ್ಕಳು ನೀರು ಬಿಟ್ಟು ಬರಲು ಒಪ್ಪುತ್ತಿರಲಿಲ್ಲ.

ಹೊರಡುವ ದಿನ ಪುಸ್ತಕದ ಮುಕ್ಕಾಲು ಭಾಗ ಹಾಗೇ ಉಳಿದಿತ್ತು. ಬಸ್ಸಿನಲ್ಲಿ ಎರಡು ಗಂಟೆಗಿಂತ ಜಾಸ್ತಿ ಹೊತ್ತಿತ್ತು, ಕಿಟಕಿ ಪಕ್ಕದ ಸೀಟೂ ಸಿಕ್ಕಿತ್ತು. ಅವತ್ತಿನ ಹತ್ತು ಪುಟ ಬೆಳಗ್ಗೆಯೇ ಬಂಡೆಯ ಮೇಲೆ ಓದಿ ಆಗಿತ್ತು. ಪುಸ್ತಕ ತೆಗೆಯಲಿಲ್ಲ.